ಹಾಸ್ಯವನ್ನು ಹಾಸ್ಯವಾಗಿ ಬಿಡಬೇಕಾ?

ಪತ್ರ: ಹೋದ ಸಂಚಿಕೆಯಲ್ಲಿ ಬ್ರಿಟಿಷ್ ಟಿವಿ ಹಾಸ್ಯದಲ್ಲಿ ಸಲಿಂಗಪ್ರೇಮದ ಎಳೆಗಳನ್ನು ಹುಡುಕುವ ಸಂಶೋಧಕರ ಬಗ್ಗೆ ಬರೆದಿದ್ದೀರಿ. ಮಗನ ಮನೆಗೆ ಇಂಗ್ಲೆಂಡಿಗೆ ಹೋದಾಗ ನಾನೂ ‘ಆರ್ ಯೂ ಬೀಯಿಂಗ್ ಸರ್ವ್ಡ್?’ ನೋಡಿ ಹೊಟ್ಟೆ ತುಂಬ ನಕ್ಕಿದ್ದೇನೆ. ಜನ ಸುಮ್ನೆ ನಗಲಿ ಅಂತ ಮಾಡಿದ್ದರಲ್ಲಿ ಇಲ್ಲದ ಅರ್ಥ ಹುಡುಕುವುದು ಸಂಶೋಧನೆಯೇ? ಹಾಸ್ಯವನ್ನು ಹಾಸ್ಯವಾಗಿ ಬಿಡಿ.
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿಗೆ ಸ್ವಲ್ಪ ಕಾರಣ ಇದೆ. ಒಂದು ಜೋಕನ್ನು ಹತ್ತು ಪುಟ ವಿವರಿಸಿ ಅದರ ಜೀವ ತೆಗೆಯುವ ಪ್ರಬಂಧಗಳನ್ನು ನಾನೂ ಓದಿದ್ದೇನೆ. ಅಷ್ಟನ್ನು ಒಪ್ಪಿದೆ. ಆದರೆ ‘ಇಲ್ಲದ ಅರ್ಥ’ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಇಲ್ಲದ್ದನ್ನು ಯಾರಾದರೂ ನಿಷೇಧಿಸುತ್ತಾರಾ? 1940ರ ದಶಕದ ಕೊನೆಯಲ್ಲಿ ಬಿಬಿಸಿ ತನ್ನ ಮನರಂಜನೆ ವಿಭಾಗದವರಿಗೆ ಒಂದು ನಿಯಮಗಳ ಪುಸ್ತಕ ಕೊಟ್ಟಿತ್ತು. ಅದನ್ನು ‘ಗ್ರೀನ್ ಬುಕ್’ ಅನ್ನುತ್ತಾರೆ. ಯಾವ ಜೋಕು ಮಾಡಲೇಬಾರದು ಅಂತ ಅದರಲ್ಲಿ ಪಟ್ಟಿ ಇದೆ. ಪಾಯಿಖಾನೆ, ಮಧುಚಂದ್ರಕ್ಕೆ ಹೋದ ಜೋಡಿ, ಹೆಂಗಸರ ಒಳ ಉಡುಪು. ಹೆಣ್ಣಿನ ಹಾಗೆ ನಡೆದುಕೊಳ್ಳುವ ಗಂಡಸರ ಜೋಕೂ ಅದರಲ್ಲಿದೆ. ಕೇಳುವವರಿಗೆ ಅರ್ಥವಾಗುತ್ತದೆ ಅಂತ ಗೊತ್ತಿದ್ದೇ ಬರೆದ ನಿಯಮ ಅದು.

ಅಷ್ಟೆಲ್ಲ ಕಾವಲು ಇದ್ದರೂ ಹಾಸ್ಯಗಾರರು ದಾರಿ ಹುಡುಕಿಕೊಂಡರು. ಮೊದಲು ದಾರಿ ಸಿಕ್ಕಿದ್ದು ರೇಡಿಯೋದಲ್ಲಿ. 1965ರಲ್ಲಿ ‘ರೌಂಡ್ ದ ಹಾರ್ನ್’ ಶುರುವಾಯಿತು. ಭಾನುವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳುವ ಕಾರ್ಯಕ್ರಮ. ಅದರಲ್ಲಿ ಜೂಲಿಯನ್ ಮತ್ತು ಸ್ಯಾಂಡಿ ಅಂತ ಇಬ್ಬರು ಗೆಳೆಯರು. ಹ್ಯೂ ಪ್ಯಾಡಿಕ್ ಮತ್ತು ಕೆನೆತ್ ವಿಲಿಯಮ್ಸ್ ಆ ಪಾತ್ರಗಳಿಗೆ ದನಿ ಕೊಟ್ಟರು. ಇಬ್ಬರೂ ಆಡುತ್ತಿದ್ದುದು ಪೊಲಾರಿ. ನಾಟಕದವರು, ಹಡಗಿನವರು, ಸಲಿಂಗಪ್ರೇಮಿಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಗುಟ್ಟಿನ ಮಾತು ಅದು. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಸಂಬಂಧ ಆಗ ಜೈಲು ಶಿಕ್ಷೆಯ ಅಪರಾಧ. ಕಾಯ್ದೆ ಸಡಿಲವಾದದ್ದು 1967ರಲ್ಲಿ. ಅದೂ 21 ದಾಟಿದವರಿಗೆ, ನಾಲ್ಕು ಗೋಡೆಯ ಒಳಗೆ ಮಾತ್ರ. ನಮ್ಮ ದೇಶಕ್ಕೆ ಅದೇ ಬ್ರಿಟಿಷರು 1860ರಲ್ಲಿ ಹೇರಿದ 377ನೇ ಕಲಮಿನಿಂದ ಬಿಡುಗಡೆ ಸಿಗಲು 2018ರವರೆಗೆ ಕಾಯಬೇಕಾಯಿತು.

ಅಂದರೆ ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿದ್ದ ಜನರ ಮಾತನ್ನು ಇಡೀ ದೇಶ ಊಟ ಮಾಡುತ್ತ ಕೇಳಿ ನಗುತ್ತಿತ್ತು. ಎಷ್ಟು ಜನರಿಗೆ ಪೂರ್ತಿ ಅರ್ಥವಾಗುತ್ತಿತ್ತು? ಯಾರಿಗೆ ಧೈರ್ಯ ಬಂತು? ಯಾರಿಗೆ ನೋವಾಯಿತು? ಸಂಶೋಧಕರು ಕೇಳುವುದು ಇದನ್ನೇ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪಾಲ್ ಬೇಕರ್ ಪೊಲಾರಿಯ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದರು. ಆ ಕೆಲಸ ಆಗದೆ ಹೋಗಿದ್ದರೆ ಅದನ್ನು ಆಡುತ್ತಿದ್ದವರ ಜೊತೆಗೇ ಎಷ್ಟೋ ವಿಷಯ ಹೋಗಿಬಿಡುತ್ತಿತ್ತು.

ಇನ್ನು ನೀವು ನೋಡಿ ನಕ್ಕ ಕಾರ್ಯಕ್ರಮ. 1972ರಿಂದ 1985ರವರೆಗೆ ಅದು ಬಂತು. ಗ್ರೇಸ್ ಬ್ರದರ್ಸ್ ಅಂಗಡಿಯ ಮಿಸ್ಟರ್ ಹಂಫ್ರೀಸ್ ನೆನಪಿದ್ದಾರೆ ಅಲ್ವಾ? ಗಿರಾಕಿ ಬಂದ ಕೂಡಲೇ ‘ಐ ಆಮ್ ಫ್ರೀ’ ಅಂತ ಕೂಗುವವರು. ಆ ಪಾತ್ರ ಮಾಡಿದ ಜಾನ್ ಇನ್ಮನ್ ಮನೆಮನೆಗೂ ಬೇಕಾದವರಾದರು. ಹಂಫ್ರೀಸ್ ಸಲಿಂಗಪ್ರೇಮಿ ಅಂತ ಕಾರ್ಯಕ್ರಮ ಎಲ್ಲೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಯಾರಿಗೂ ಕಾಣಲಿಲ್ಲ. ಆದರೆ ಸಲಿಂಗಪ್ರೇಮಿಗಳ ಹಕ್ಕಿಗಾಗಿ ಹೋರಾಡುತ್ತಿದ್ದ ‘ಕ್ಯಾಂಪೇನ್ ಫಾರ್ ಹೋಮೋಸೆಕ್ಷುವಲ್ ಈಕ್ವಾಲಿಟಿ’ ಸಂಘಟನೆಯವರು ಸಿಟ್ಟಾದರು. ನಮ್ಮನ್ನು ನಗೆಪಾಟಲು ಮಾಡುತ್ತಿದ್ದಾರೆ ಅಂತ ಪ್ರತಿಭಟಿಸಿದರು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಟಿವಿಯಲ್ಲಿ ನಿಮ್ಮಂಥವರು ಒಬ್ಬರೇ ಕಾಣುತ್ತಾರೆ, ಅವರನ್ನು ನೋಡಿ ಎಲ್ಲರೂ ನಗುತ್ತಾರೆ ಅಂದರೆ ಯಾರಿಗೆ ಹಿತವಾಗುತ್ತದೆ? ಆದರೂ ನನ್ನ ಮನಸ್ಸು ಹಂಫ್ರೀಸ್ ಕಡೆಗೇ ಹೋಗುತ್ತದೆ. ಆ ಅಂಗಡಿಯಲ್ಲಿ ತನ್ನ ಬಗ್ಗೆ ನಾಚಿಕೆ ಇಲ್ಲದ ಮನುಷ್ಯ ಅಂದರೆ ಅವರೊಬ್ಬರೇ. ಕ್ಯಾಪ್ಟನ್ ಪೀಕಾಕ್‌ಗೆ ತನ್ನ ದೊಡ್ಡಸ್ತಿಕೆಯ ಚಿಂತೆ. ಮಿಸೆಸ್ ಸ್ಲೋಕೂಂಬ್‌ಗೆ ವಯಸ್ಸಿನ ಚಿಂತೆ. ಹಂಫ್ರೀಸ್ ಮಾತ್ರ ಆರಾಮಾಗಿದ್ದಾರೆ, ಜೊತೆಯವರಿಗೂ ಅವರು ಬೇಕು. ಇನ್ಮನ್ ಅವರ ಸ್ವಂತ ಬದುಕಿನಲ್ಲಿ ಕಾನೂನಿನ ಮನ್ನಣೆ ಬಂದದ್ದು ತುಂಬ ತಡವಾಗಿ. ಹಲವು ದಶಕ ಜೊತೆಗಿದ್ದ ಸಂಗಾತಿಯ ಜೊತೆ 2005ರ ಡಿಸೆಂಬರಿನಲ್ಲಿ, ಸಲಿಂಗ ಜೋಡಿಗಳಿಗೆ ಮನ್ನಣೆ ಕೊಡುವ ಹೊಸ ಕಾಯ್ದೆ ಜಾರಿಯಾದ ತಿಂಗಳಲ್ಲೇ, ಸಂಬಂಧ ನೋಂದಾಯಿಸಿಕೊಂಡರು. 2007ರಲ್ಲಿ ತೀರಿಕೊಂಡರು.

1979ರಲ್ಲಿ ಇನ್ನೊಂದು ಕಾರ್ಯಕ್ರಮ ಬಂತು, ‘ಆಗನಿ’. ಅದರಲ್ಲಿ ನಾಯಕಿಯ ಪಕ್ಕದ ಮನೆಯಲ್ಲಿ ರಾಬ್ ಮತ್ತು ಮೈಕೆಲ್ ಅನ್ನುವ ಜೋಡಿ. ವೈಯಾರ ಇಲ್ಲ, ಡಬಲ್ ಮೀನಿಂಗ್ ಇಲ್ಲ. ಕಷ್ಟಸುಖ ಮಾತಾಡುವ ನೆರೆಯವರು ಅಷ್ಟೇ. ಒಂದು ದಶಕದೊಳಗೆ ಹಂಫ್ರೀಸ್ ಅವರಿಂದ ಇಲ್ಲಿಗೆ ಬಂದದ್ದು ಸಣ್ಣ ದೂರ ಅಲ್ಲ. ಯಾರೋ ಕೂತು, ಒಂದೊಂದೇ ಕಂತು ನೋಡಿ, ಬರೆದಿಟ್ಟಿದ್ದರಿಂದ ಇದು ನಮಗೆ ಕಾಣುತ್ತದೆ.

ನೋಡೋಣ ಅಂದರೆ ಎಲ್ಲವೂ ಉಳಿದಿಲ್ಲ, ನನ್ನ ಹೊಟ್ಟೆಯುರಿ ಅಲ್ಲಿದೆ. 1970ರ ದಶಕದ ಕೊನೆಯವರೆಗೂ ಬಿಬಿಸಿಗೆ ಟಿವಿ ಕಾರ್ಯಕ್ರಮಗಳನ್ನು ಕಾಪಾಡುವ ಸರಿಯಾದ ನೀತಿಯೇ ಇರಲಿಲ್ಲ. ವಿಡಿಯೋ ಟೇಪು ದುಬಾರಿ. ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬುತ್ತಿದ್ದರು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಅವರ ‘ನಾಟ್ ಓನ್ಲಿ ಬಟ್ ಆಲ್ಸೋ’ ಹಾಸ್ಯ ಕಾರ್ಯಕ್ರಮದ ಕಂತುಗಳು ಎಷ್ಟೋ ಹೀಗೇ ಹೋದವು. ನೀವು ನಕ್ಕ ಕಾರ್ಯಕ್ರಮದ ಮೊಟ್ಟಮೊದಲ ಕಂತಿನದೂ ಕಪ್ಪು ಬಿಳುಪಿನ ಪ್ರತಿ ಮಾತ್ರ ಉಳಿದಿತ್ತು. 2009ರಲ್ಲಿ ಅದಕ್ಕೆ ಬಣ್ಣ ಮರಳಿ ತರಬೇಕಾಯಿತು. ‘ಬರೀ ಹಾಸ್ಯ ತಾನೇ’ ಅನ್ನುವ ತಾತ್ಸಾರ ಇಂಥ ಕೆಲಸ ಮಾಡಿಸುತ್ತದೆ ಸ್ವಾಮಿ. ನಿಮ್ಮ ಪತ್ರದಲ್ಲೂ ಅದರ ವಾಸನೆ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲೂ ಇದು ಕಡಿಮೆ ಇಲ್ಲ. ಕಣ್ಣೀರು ತರಿಸಿದವರು ದೊಡ್ಡ ಕಲಾವಿದರು, ನಗಿಸಿದವರು ಟೈಂಪಾಸ್. ನರಸಿಂಹರಾಜು ಬಗ್ಗೆ ಬರೆದುಕೊಡಿ ಅಂತ ಕೇಳಿದರೆ ನಾಲ್ಕು ತಮಾಷೆ ಪ್ರಸಂಗ ಬರೆದು ಕಳಿಸುತ್ತಾರೆ. ಅವರು ಸಂಭಾಷಣೆಯನ್ನು ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ನುಂಗುತ್ತಿದ್ದರು, ಅವರ ಪಾತ್ರಗಳಲ್ಲಿ ನಾವು ಯಾರನ್ನು ನೋಡಿ ನಕ್ಕೆವು ಅಂತ ಬರೆಯುವವರು ಸಿಗುವುದಿಲ್ಲ. ಹಳ್ಳಿಯವರು, ಉಗ್ಗುವವರು, ಹೆಣ್ಣಿಗನ ಪಾತ್ರದವರು ನಮ್ಮ ತೆರೆಯ ಮೇಲೂ ಬಂದುಹೋಗಿದ್ದಾರೆ. ಅವರನ್ನು ನೋಡಿ ನಾವು ನಕ್ಕದ್ದು ಹೇಗೆ, ಏಕೆ ಅಂತ ಒಬ್ಬರಾದರೂ ಶ್ರಮಪಟ್ಟು ಬರೆದು ಕಳಿಸಲಿ. ಎಷ್ಟು ಪುಟ ಆದರೂ ಅಚ್ಚು ಹಾಕುತ್ತೇನೆ.