ಜೆಟ್ ಯೋಜನೆಗೆ ಆಯ್ಕೆಯಾದ ಅತಿಥಿ ಉಪನ್ಯಾಸಕಿ: ಒಂದು ಆಪ್ತಸಲಹೆ ಪ್ರಕರಣ

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಬಂದಾಗಿನ ಸ್ಥಿತಿ

ಸಲಹಾರ್ಥಿ ಇಪ್ಪತ್ತಾರರ ಆಸುಪಾಸಿನ ಅವಿವಾಹಿತೆ. ಇಂಗ್ಲಿಷ್ ಎಂ.ಎ., ಬಿ.ಇಡಿ. ಮುಗಿಸಿ ತುಮಕೂರು ಕಡೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದರು. ಹೊರದೇಶದವರನ್ನು ಶಾಲೆಗಳಿಗೆ ಕರೆಸಿಕೊಳ್ಳುವ ಜಪಾನ್ ಸರ್ಕಾರದ ಜೆಟ್ ಯೋಜನೆಯಲ್ಲಿ ಸಹಾಯಕ ಭಾಷಾ ಶಿಕ್ಷಕಿಯಾಗಿ (ಅಲ್ಲಿ ಎಲ್ಲರೂ ಎಎಲ್‌ಟಿ ಎನ್ನುತ್ತಾರೆ) ಆಯ್ಕೆಯಾದ ಪತ್ರ ಏಪ್ರಿಲ್‌ನಲ್ಲಿ ಬಂದಿತ್ತು. ಹೊರಡುವುದು ಜುಲೈ ಕೊನೆಗೆ. ಪತ್ರ ಬಂದಾಗಿನಿಂದ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಖಿನ್ನತೆಯ ಲಕ್ಷಣಗಳನ್ನು ವಿಚಾರಿಸಿದೆವು. ಅಂಥದ್ದೇನೂ ಕಾಣಲಿಲ್ಲ. ತೀರ್ಮಾನವೊಂದು ತೂಗಾಡುತ್ತಿದ್ದುದರ ದಣಿವು ಅದು. ಮೊದಲ ಭೇಟಿಯಲ್ಲೇ ಕೇಳಿದರು: "ಮೇಡಂ, ಹೋಗ್ಲಾ ಬೇಡ್ವಾ ಅಂತ ನೀವೇ ಹೇಳ್ಬಿಡಿ."

ಅದನ್ನು ನಾವು ಹೇಳುವುದಿಲ್ಲ. ಆದರೆ ಮನೆಯವರ ಮಾತುಗಳನ್ನು ಒಂದೊಂದಾಗಿ ಬಿಡಿಸಿದಾಗ ತೊಡಕು ಕಂಡಿತು. "ಒಂದು ವರ್ಷ ತಾನೇ, ಹೋಗಿ ಬರ್ಲಿ, ಬಂದ್ಮೇಲೆ ಗಂಡು ನೋಡಿದ್ರಾಯ್ತು" ಎಂಬುದು ತಾಯಿಯ ಲೆಕ್ಕ. ತಮ್ಮನ ಎಂಜಿನಿಯರಿಂಗ್ ಓದಿಗೆ ತೆಗೆದ ಸಾಲದಲ್ಲಿ ಇನ್ನೂ ಐದು ಲಕ್ಷ ಬಾಕಿ, ಅದು ಒಂದೇ ವರ್ಷದಲ್ಲಿ ತೀರುತ್ತದೆ ಎಂಬುದು ತಂದೆಯದು. ಮಗಳ ಮನಸ್ಸಿನಲ್ಲಿದ್ದದ್ದು ಬೇರೆ: ಈ ಕರಾರನ್ನು ವರ್ಷ ವರ್ಷ ನವೀಕರಿಸುತ್ತ ಐದು ವರ್ಷದವರೆಗೂ ಇರಬಹುದು ಎಂಬುದು ಅವರಿಗೆ ಗೊತ್ತಿತ್ತು, ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ನಿದ್ದೆ ಕೆಡಿಸಿದ್ದು ಜಪಾನಲ್ಲ, ಹೇಳದೆ ಉಳಿಸಿಕೊಂಡ ಈ ವಿಷಯ.

ಇಂಥ ಪ್ರಕರಣಗಳಲ್ಲಿ ಭಾವನೆಯ ಮಾತಿಗೆ ಮೊದಲು ಕರಾರಿನ ಮಾತಾಡಬೇಕು ಎಂಬುದು ನಮ್ಮ ಅಭಿಪ್ರಾಯ. ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಪಡುವ ಹೆದರಿಕೆಗೂ ಆಸೆಗೂ ಎಲ್ಲೆ ಇರುವುದಿಲ್ಲ.

ಕಾಗದದಲ್ಲಿ ಇರುವುದು

ಜೆಟ್ ಶುರುವಾದದ್ದು 1987ರಲ್ಲಿ. ಆಯ್ಕೆ ರಾಯಭಾರ ಕಚೇರಿಯ ಮೂಲಕ, ನಿರ್ವಹಣೆಯಲ್ಲಿ ಕ್ಲೇರ್ ಎಂಬ ಸಂಸ್ಥೆಯ ಕೈ ಇದೆ. ಆದರೆ ಕೆಲಸ ಕೊಡುವವರು, ಸಂಬಳ ಕೊಡುವವರು ಯಾವುದೋ ಊರಿನ ಶಿಕ್ಷಣ ಮಂಡಳಿ. ಅರ್ಜಿಯಲ್ಲಿ ಬೇಕಾದ ಊರುಗಳನ್ನು ಬರೆಯಬಹುದು, ಸಿಗುತ್ತದೆ ಎಂಬ ಭರವಸೆ ಇಲ್ಲ. ಊರು ನಿಗದಿಯಾದ ಮೇಲೆ ಹಿಂದೆ ಸರಿದರೆ ಮುಂದಿನ ವರ್ಷ ಅರ್ಜಿ ಹಾಕುವ ಅರ್ಹತೆ ಹೋಗುತ್ತದೆ. ಆದ್ದರಿಂದ ಬೇಡವೆನ್ನುವುದಿದ್ದರೆ ಅದಕ್ಕೆ ಮೊದಲೇ ಎನ್ನಬೇಕು. ಅರ್ಜಿಗೆ ಶುಲ್ಕವಿಲ್ಲ, ಹಣ ಕೇಳಿಕೊಂಡು ಬರುವ ಏಜೆಂಟರನ್ನು ಹತ್ತಿರ ಸೇರಿಸಬಾರದು.

ಹೋಗುವ ವಿಮಾನದ ಖರ್ಚು ಅವರದು. ಬರುವ ಖರ್ಚೂ ಅವರದೇ, ಆದರೆ ಕರಾರು ಪೂರ್ತಿ ಮುಗಿಸಿ ಒಂದು ತಿಂಗಳೊಳಗೆ ಜಪಾನ್ ಬಿಟ್ಟರೆ ಮಾತ್ರ. ನಡುವೆ ಬಿಟ್ಟು ಬಂದರೆ ಟಿಕೆಟ್ಟು ನಮ್ಮ ಕೈಯಿಂದ.

ಸಂಬಳ 2025ರ ಏಪ್ರಿಲ್‌ನಿಂದ ಮೊದಲ ವರ್ಷಕ್ಕೆ 40.2 ಲಕ್ಷ ಯೆನ್, ಅಂದರೆ ತಿಂಗಳಿಗೆ 3,35,000. ತಂದೆ ಇದನ್ನು ರೂಪಾಯಿಗೆ ತಿರುಗಿಸಿ ಹನ್ನೆರಡರಿಂದ ಗುಣಿಸಿದ್ದರು, ತಪ್ಪಿದ್ದು ಅಲ್ಲೇ. ಪಿಂಚಣಿಗೆ 9.15 ಶೇಕಡಾ, ಆರೋಗ್ಯ ವಿಮೆಗೆ ಸುಮಾರು 5 ಶೇಕಡಾ, ಜೊತೆಗೆ ಉದ್ಯೋಗ ವಿಮೆ, ಆದಾಯ ತೆರಿಗೆ ಕಳೆದರೆ ಕೈಗೆ ಬರುವುದು 2,75,000ದ ಆಸುಪಾಸು. ಬಾಡಿಗೆ, ವಿದ್ಯುತ್ತು, ಅನಿಲ, ಚಳಿಗಾಲದ ಸೀಮೆಎಣ್ಣೆ, ಊಟ, ಫೋನು, ಓಡಾಟ ಎಲ್ಲ ತೆಗೆದು ಹಿಡಿತದಲ್ಲಿದ್ದರೆ ತಿಂಗಳಿಗೆ ಒಂದು ಲಕ್ಷ ಯೆನ್ ಉಳಿಯಬಹುದು. ನೂರು ಯೆನ್‌ಗೆ 55 ರೂಪಾಯಿ ಹಿಡಿದರೆ 55,000 ರೂಪಾಯಿ. ಮೊದಲೆರಡು ತಿಂಗಳು ಏನೂ ಉಳಿಯುವುದಿಲ್ಲ. ಮೊದಲ ಸಂಬಳ ಬರುವ ಹೊತ್ತಿಗೆ ಮನೆಯ ಮುಂಗಡ, ಮರಳಿ ಸಿಗದ 'ರೇಕಿನ್' ಎಂಬ ಕಾಣಿಕೆ ಹಣ, ಹಾಸಿಗೆ, ಪಾತ್ರೆ ಎಂದು ಎರಡು ಮೂರು ಲಕ್ಷ ಯೆನ್ ಖರ್ಚಾಗಬಹುದು. ಅಷ್ಟನ್ನು ಇಲ್ಲಿಂದಲೇ ಒಯ್ಯಬೇಕು, ಅಂದರೆ ಮೊದಲು ಮನೆಯವರೇ ಹೊಂದಿಸಿಕೊಡಬೇಕು. ಸಾಲದ ಬಹುಪಾಲು ತೀರೀತು, ಪೂರ್ತಿ ತೀರುತ್ತದೆ ಎಂದು ಬ್ಯಾಂಕಿಗೆ ಮಾತು ಕೊಡಬೇಡಿ ಎಂದೆವು.

ಎಎಲ್‌ಟಿಯ ಕೆಲಸ

ಇಲ್ಲಿ ತರಗತಿಯನ್ನು ಒಬ್ಬರೇ ನಡೆಸಿದವರಿಗೆ ಅಲ್ಲಿ ಹೆಚ್ಚು ನೋಯುವುದು ಇದೇ. ಎಎಲ್‌ಟಿ ಸಹಾಯಕಿ, ತರಗತಿಯ ಹೊಣೆ ಜಪಾನಿ ಶಿಕ್ಷಕರದು. ಕೆಲವು ಶಿಕ್ಷಕರು ಪಾಠವನ್ನು ಜೊತೆಗೂಡಿ ಯೋಜಿಸುತ್ತಾರೆ. ಇನ್ನು ಕೆಲವರು "ಈ ಸಾಲು ಓದಿ" ಎಂದು ಓದಿಸಿ ಪಕ್ಕಕ್ಕೆ ನಿಲ್ಲಿಸುತ್ತಾರೆ. ಒಬ್ಬರಿಗೇ ಎರಡು ಮೂರು ಶಾಲೆ ಇರಬಹುದು, ಶಾಲೆಗೊಂದು ರೀತಿ. 2020ರಿಂದ ಅಲ್ಲಿ ಪ್ರಾಥಮಿಕ ಶಾಲೆಯ 3, 4ನೇ ತರಗತಿಗೆ ವರ್ಷಕ್ಕೆ 35 ಪೀರಿಯಡ್ ಇಂಗ್ಲಿಷ್ ಚಟುವಟಿಕೆ. 5, 6ನೇ ತರಗತಿಗೆ 70 ಪೀರಿಯಡ್, ಪಾಠವಾಗಿಯೇ. ಚಿಕ್ಕ ಮಕ್ಕಳಿಗೆ ಹಾಡು, ಚಿತ್ರದ ಕಾರ್ಡು, ಆಟ. ಎಂ.ಎ. ಓದಿದ ಕಾವ್ಯ, ನಾಟಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ; ಬಿ.ಇಡಿ.ಯಲ್ಲಿ ಮಾಡಿದ ಬೋಧನೋಪಕರಣ ಬರುತ್ತದೆ.

ಆಗಸ್ಟ್‌ನಲ್ಲಿ ಹೋಗಿ ಇಳಿದಾಗ ಶಾಲೆಗೆ ಬೇಸಿಗೆ ರಜೆ. ಮಂಡಳಿಯ ಕಚೇರಿಯಲ್ಲಿ ಮೇಜಿನ ಮುಂದೆ ಸುಮ್ಮನೆ ಕೂರುವ ದಿನಗಳು ಅವು. "ನನ್ನನ್ನು ಯಾರೂ ಕೇಳುತ್ತಿಲ್ಲ" ಎಂಬ ಭಾವ ಹುಟ್ಟುವುದು ಆಗಲೇ. ಅದಕ್ಕೆ ಕೆಲಸ ಕೊಟ್ಟುಕೊಳ್ಳಲು ಹೇಳಿದೆವು: ಮೊದಲ ತರಗತಿಗೆ ಬೇಕಾದ ಸ್ವಪರಿಚಯದ ಪಾಠವನ್ನು ಮೂರು ಮಟ್ಟದಲ್ಲಿ ಸಿದ್ಧಮಾಡುವುದು, ಊರಿನ ಸಂತೆ, ಬಸ್ಸು, ರಂಗೋಲಿ, ಮನೆಮಂದಿಯ ದೊಡ್ಡ ಅಳತೆಯ ಫೋಟೋ ಒಯ್ಯುವುದು, ಹಿರಗಾನ ಮತ್ತು ಕತಕಾನ ಎರಡೂ ಲಿಪಿಗಳನ್ನು ಜೂನ್‌ನಲ್ಲೇ ಕಲಿತು ಮುಗಿಸುವುದು.

"ನನ್ನ ಉಚ್ಚಾರಣೆ ಇಂಡಿಯನ್, ಮಕ್ಕಳು ನಗ್ತಾರೇನೋ" ಎಂಬ ಅಳುಕೂ ಇತ್ತು. ಆಯ್ಕೆ ಮಾಡಿದವರು ಸಂದರ್ಶನದಲ್ಲಿ ಅದನ್ನು ಕೇಳಿಯೇ ಆಯ್ಕೆ ಮಾಡಿದ್ದಾರೆ. ನಿಧಾನವಾಗಿ, ಪದದ ಕೊನೆಯ ವ್ಯಂಜನ ಬಿಡದಂತೆ ಓದುವ ಅಭ್ಯಾಸ ಸಾಕು.

ಊಟ, ಔಷಧಿ, ವಾಹನ

ಮೊಟ್ಟೆಯೂ ಒಳಗೆ ಬರದ ಮನೆ. "ತರಕಾರಿ ಸಿಗಲ್ವಾ?" ಎಂದು ತಾಯಿ ಕೇಳಿದರು. ತರಕಾರಿ ಧಾರಾಳ ಸಿಗುತ್ತದೆ, ಅನ್ನವೂ ಉಂಟು. ತೊಂದರೆ 'ದಾಶಿ'ಯದು. ಸಾರು, ಪಲ್ಯ, ನೂಡಲ್ಸ್, ಮಿಸೋ ಸೂಪು ಹೆಚ್ಚಿನದರ ತಳಕ್ಕೂ ಸಾಮಾನ್ಯವಾಗಿ ಒಣಮೀನಿನ ಆ ಕಷಾಯ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. "ಮಾಂಸ ತಿನ್ನುವುದಿಲ್ಲ" ಎಂದರೆ ಮೀನು ಬಡಿಸುತ್ತಾರೆ. ಮಾಂಸ, ಮೀನು, ದಾಶಿ ಮೂರನ್ನೂ ಹೆಸರಿಟ್ಟು ಬರೆದ ಜಪಾನಿ ಚೀಟಿಯೊಂದು ಪರ್ಸಿನಲ್ಲಿರಬೇಕು. ಶಾಲೆಯ ಮಧ್ಯಾಹ್ನದ ಊಟವನ್ನು ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಉಣ್ಣುತ್ತಾರೆ; ಬುತ್ತಿ ತರುತ್ತೇನೆ ಎಂಬುದನ್ನು ಹೋಗುವ ಮುಂಚೆಯೇ ಮೇಲ್ವಿಚಾರಕರಿಗೆ ಮೇಲ್ ಬರೆದು ತಿಳಿಸಬೇಕು. ಊಟದ ಲೆಕ್ಕ ಮೊದಲೇ ಕೊಟ್ಟಿರುತ್ತಾರೆ. ಆದರೆ ಬುತ್ತಿಯನ್ನು ಮಕ್ಕಳ ಜೊತೆ ಕೂತೇ ಉಣ್ಣಿ ಎಂದು ಒತ್ತಿ ಹೇಳಿದೆವು. ಆ ಇಪ್ಪತ್ತು ನಿಮಿಷದಲ್ಲಿ ಆಗುವ ಪರಿಚಯ ತರಗತಿಯಲ್ಲಿ ಆಗುವುದಿಲ್ಲ.

ತಾಯಿ ಮಿಕ್ಸಿ ಕಟ್ಟಿಡಲು ಹೊರಟಿದ್ದರು. ಜಪಾನಿನ ವಿದ್ಯುತ್ 100 ವೋಲ್ಟ್, ನಮ್ಮ 230ರ ಮಿಕ್ಸಿ ಅಲ್ಲಿ ತಿರುಗುವುದಿಲ್ಲ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ಒಲೆಗೂ ಹೊಂದುವ ಸ್ಟೀಲಿನದು. ಸಾರಿನ ಪುಡಿ, ಚಟ್ನಿಪುಡಿ ಸರಿ. ಹಸಿ ಕರಿಬೇವು, ಬಿತ್ತನೆ ಬೀಜ ಬೇಡ, ಸಸ್ಯ ತಪಾಸಣೆಯಲ್ಲಿ ಹಿಡಿಯುತ್ತಾರೆ.

ಸಲಹಾರ್ಥಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಒಂದು ತಿಂಗಳಿಗಾಗುವಷ್ಟು ಹಾಗೆಯೇ ಒಯ್ಯಬಹುದು. ಅದಕ್ಕೂ ಹೆಚ್ಚಾದರೆ 'ಯುನ್ಯೂ ಕಾಕುನಿನ್‌ಶೋ' ಎಂಬ ಅನುಮತಿ ಪತ್ರವನ್ನು ಮುಂಚಿತವಾಗಿ ತರಿಸಿಕೊಳ್ಳಬೇಕು. ಸುಡೋಎಫೆಡ್ರಿನ್ ಹೆಚ್ಚಿರುವ ನೆಗಡಿ ಮಾತ್ರೆಗೆ ಅಲ್ಲಿ ನಿಷೇಧವಿದೆ. ನಮ್ಮಲ್ಲಿ ಚೀಲಕ್ಕೆ ಹಾಗೇ ಎಸೆದುಕೊಳ್ಳುವ ಸ್ಟ್ರಿಪ್ಪುಗಳನ್ನು ಒಮ್ಮೆ ಓದಿ ನೋಡಬೇಕು.

ಹಳ್ಳಿಯ ಕಡೆ ಹಾಕಿದರೆ ಕಾರು ಬೇಕಾಗಬಹುದು. ಇವರ ಬಳಿ ಇದ್ದದ್ದು ಸ್ಕೂಟರಿನ ಲೈಸೆನ್ಸ್. ಮೇ ತಿಂಗಳಲ್ಲೇ ಎಲ್‌ಎಲ್ ಮಾಡಿಸಿ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆ ಕೊಟ್ಟು, ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಪಡೆಯಲು ಹೇಳಿದೆವು. ಅದು ಒಂದು ವರ್ಷಕ್ಕೆ ಸಾಕು. ಮುಂದೂ ಉಳಿಯುವುದಾದರೆ ಜಪಾನಿ ಲೈಸೆನ್ಸಿಗೆ ಬದಲಿಸಿಕೊಳ್ಳಬೇಕು. ಬದಲಿಸಲು, ಲೈಸೆನ್ಸ್ ಸಿಕ್ಕ ಮೇಲೆ ಮೂರು ತಿಂಗಳು ಭಾರತದಲ್ಲಿ ಇದ್ದದ್ದಕ್ಕೆ ಪುರಾವೆ ಕೇಳುತ್ತಾರೆ. ಇವರಿಗೆ ಆ ಮೂರು ತಿಂಗಳು ತುಂಬುವಂತಿರಲಿಲ್ಲ. ಇಂಥ ಒಂದು ಸಣ್ಣ ನಿಯಮವೂ 'ಎಷ್ಟು ದಿನ?' ಎಂಬ ಪ್ರಶ್ನೆಗೇ ಬಂದು ಸೇರುತ್ತದೆ.

ಮನೆಯವರ ಜೊತೆ

ಸಲಹಾರ್ಥಿಯ ಅನುಮತಿಯಿಂದ ತಂದೆ ತಾಯಿಯನ್ನು ಕರೆಸಿದೆವು. ನವೀಕರಣದ ವಿಷಯ ಮಗಳ ಬಾಯಿಂದಲೇ ಬರಬೇಕೆಂದು ಮೊದಲೇ ಮಾತಾಗಿತ್ತು. ಹೇಳಿದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನೇ?" ಎಂದರು. ಸಿಟ್ಟಿತ್ತು, ಆದರೆ ಮಾತು ಮುರಿಯಲಿಲ್ಲ. ನಾವು ಒಂದು ದಿನಾಂಕವನ್ನು ಮಾತ್ರ ಎಲ್ಲರ ಮುಂದಿಟ್ಟೆವು. ಕರಾರು ಹನ್ನೆರಡು ತಿಂಗಳದ್ದಾದರೂ, ಇರುತ್ತೀರೋ ಹೋಗುತ್ತೀರೋ ಎಂದು ಮಂಡಳಿ ಕೇಳುವುದು ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರ್ ಮತ್ತು ಫೆಬ್ರುವರಿ ನಡುವೆ. ಅಂದರೆ ಹೋಗಿ ಆರು ತಿಂಗಳು ಆಗುವ ಆಸುಪಾಸಿನಲ್ಲೇ. ಸಂಜೆ ನಾಲ್ಕೂವರೆಗೆ ಕತ್ತಲು, ಮನೆಗೆಲ್ಲ ಬಿಸಿ ಇರುವುದಿಲ್ಲ, ಒಂದು ಕೋಣೆಗೆ ಒಂದು ಹೀಟರು. ಹೊಸ ಜಾಗದ ಸಂಭ್ರಮ ಇಳಿದು, ಪರಿಚಯ ಇನ್ನೂ ಗಟ್ಟಿಯಾಗಿರದ ಹೊತ್ತು. ಮನಸ್ಸು ಅತ್ಯಂತ ಕುಗ್ಗಿರುವಾಗ ದೊಡ್ಡ ತೀರ್ಮಾನ ಕೇಳಿದಂತೆ.

ಆದ್ದರಿಂದ ಅಳತೆಗೋಲನ್ನು ಜುಲೈನಲ್ಲೇ, ಮನಸ್ಸು ನೆಟ್ಟಗಿರುವಾಗ, ಬರೆದಿಟ್ಟುಕೊಳ್ಳಲು ಹೇಳಿದೆವು. ಅವರು ಬರೆದದ್ದು: ಒಂದು ಶಾಲೆಯಲ್ಲಾದರೂ ಪಾಠವನ್ನು ಜೊತೆಗೂಡಿ ಯೋಜಿಸುತ್ತಿರಬೇಕು; ತಿಂಗಳಿಗೆ 80,000 ಯೆನ್ ಆದರೂ ಉಳಿಯುತ್ತಿರಬೇಕು; ಕೆ-ಸೆಟ್ (ಕಾಲೇಜು ಅಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಓದು ನಿಂತಿರಬಾರದು. ಮೂರೂ ಇದ್ದರೆ ಇನ್ನೊಂದು ವರ್ಷ, ಒಂದೇ ಇದ್ದರೆ ವಾಪಸು, ಎರಡಿದ್ದರೆ ಮನೆಯವರೊಡನೆ ಮಾತು. ಕೆ-ಸೆಟ್ ಸೇರಿದ್ದಕ್ಕೆ ಕಾರಣ ಸ್ಪಷ್ಟವಿತ್ತು. ಅತಿಥಿ ಉಪನ್ಯಾಸಕರ ಆಯ್ಕೆ ವರ್ಷ ವರ್ಷ ಹೊಸದು, ಹಿಂದಿನ ಸೇವೆ ಲೆಕ್ಕಕ್ಕೆ ಬರುತ್ತದೆ, ಹೊರಗೆ ಹೋದಷ್ಟು ದಿನ ಅದು ಬೆಳೆಯುವುದಿಲ್ಲ. ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಆ ನಷ್ಟವನ್ನು ತಡೆದುಕೊಳ್ಳಬಹುದು. ಹುಡುಗನ ಕಡೆಯವರು ಕೇಳಿದರೆ ಫೆಬ್ರುವರಿವರೆಗೆ ಉತ್ತರವಿಲ್ಲ ಎನ್ನುವುದೆಂದು ತಾಯಿ ಒಪ್ಪಿದರು.

ಆಮೇಲೆ

ಹಾಕಿದ್ದು ಹಿಮ ಬೀಳುವ ಕಡೆಗೆ. ಡಿಸೆಂಬರ್ ಕೊನೆಯಲ್ಲಿ ಆನ್‌ಲೈನ್ ಭೇಟಿಗೆ ಬಂದಾಗ ದನಿ ಇಳಿದಿತ್ತು. ವಾರಾಂತ್ಯಗಳಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ವಾರಕ್ಕೊಂದು ನಿಗದಿತ ಹೊರಗಿನ ಕೆಲಸ (ಅವರು ಆರಿಸಿದ್ದು ಊರಿನ ಕೋಟೋ ವಾದನದ ತರಗತಿ), ಬೆಳಿಗ್ಗೆ ಬೆಳಕಿನಲ್ಲಿ ನಡಿಗೆ, ಅಮ್ಮನ ಜೊತೆ ದಿನಕ್ಕೆ ನಾಲ್ಕು ಸಲ ಇದ್ದ ವಿಡಿಯೊ ಕರೆ ಒಂದಕ್ಕೆ ಇಳಿಸುವುದು, ಇಷ್ಟು ಹೇಳಿದೆವು. ಎರಡು ವಾರದಲ್ಲಿ ಸುಧಾರಿಸದಿದ್ದರೆ ಪ್ರಿಫೆಕ್ಚರಿನ (ಅಲ್ಲಿಯ ಪ್ರಾಂತ್ಯದ) ಸಲಹೆಗಾರರನ್ನೂ, 1973ರಿಂದ ಇಂಗ್ಲಿಷಿನಲ್ಲಿ ಸಹಾಯವಾಣಿ ನಡೆಸುತ್ತಿರುವ ಟೆಲ್ ಸಂಸ್ಥೆಯನ್ನೂ ಸಂಪರ್ಕಿಸಬೇಕೆಂದು ಒಪ್ಪಂದವಾಯಿತು. ಜನವರಿಯಲ್ಲಿ ನಿದ್ದೆ ಸರಿಹೋಯಿತು.

ಬರೆದಿಟ್ಟ ಹಾಳೆ ತೆಗೆದಾಗ ಹಣದ ಸಾಲು ಮಾತ್ರ ನಿಂತಿತ್ತು. ಎರಡು ಶಾಲೆಯಲ್ಲೂ ಓದಿ ನಿಲ್ಲುವ ಕೆಲಸ, ಕೆ-ಸೆಟ್ ಪುಸ್ತಕ ತೆರೆದಿರಲಿಲ್ಲ. ವಾಪಸು ಬರುವ ತೀರ್ಮಾನ ಮಾಡಿದರು. ಸೋತೆನೇ ಎಂದು ಕೇಳಿದರು. ಜುಲೈನಲ್ಲಿ ತಾನೇ ಹಾಕಿಕೊಂಡ ಅಳತೆಗೆ ನಡೆದುಕೊಂಡದ್ದನ್ನು ನಾವು ಸೋಲೆಂದು ಬರೆದುಕೊಳ್ಳುವುದಿಲ್ಲ ಎಂದೆವು. ಉಳಿದ ತಿಂಗಳುಗಳಿಗೆ ಎರಡೇ ಕೆಲಸ: ಒಬ್ಬ ಶಿಕ್ಷಕರನ್ನು ಹಿಡಿದು ವಾರಕ್ಕೆ ಹತ್ತು ನಿಮಿಷದ ಭಾಗವೊಂದನ್ನು ತನ್ನದಾಗಿ ಕೇಳಿ ಪಡೆಯುವುದು, ಮತ್ತು ಹೊರಡುವ ಲೆಕ್ಕಪತ್ರ.

ಆ ಲೆಕ್ಕಪತ್ರದಲ್ಲಿ ಹಣ ಕಳೆದುಕೊಳ್ಳುವವರು ಬಹಳ. ನಿವಾಸಿ ತೆರಿಗೆ (ಅಲ್ಲಿಯ ಸ್ಥಳೀಯ ಆಡಳಿತಕ್ಕೆ ಕಟ್ಟುವುದು) ಹೋದ ಕೂಡಲೇ ಬರುವುದಿಲ್ಲ. ಹಿಂದಿನ ವರ್ಷದ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಗಳಿಕೆಯ ಮೇಲೆ ಜೂನ್‌ನಲ್ಲಿ ಅದು ಒಟ್ಟಿಗೆ ಬರುತ್ತದೆ, ಹೊರಡುವ ಮುಂಚೆ ಕಟ್ಟಬೇಕು. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ಜಪಾನ್ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಹನ್ನೆರಡು ತಿಂಗಳಿಗೆ ಸರಾಸರಿ ಮಾಸಿಕ ವೇತನದ ಸುಮಾರು 1.1 ಪಟ್ಟು ಬರುತ್ತದೆ, ಅದರಲ್ಲಿ 20.42 ಶೇಕಡಾ ತೆರಿಗೆ ಹಿಡಿಯುತ್ತಾರೆ. ಹಿಡಿದ ಆ ತೆರಿಗೆಯನ್ನೂ ಮರಳಿ ಕೇಳಬಹುದು, ಆದರೆ ಅದಕ್ಕೆ ಅಲ್ಲೇ ಇರುವ ಸಹೋದ್ಯೋಗಿ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ಹೊರಡುವ ಮೊದಲೇ ತೆರಿಗೆ ಕಚೇರಿಯಲ್ಲಿ ನಮೂದಿಸಬೇಕು. ಊರಿನ ಕಚೇರಿಯಲ್ಲಿ ವಿಳಾಸ ತೆಗೆಸುವುದು, ಪಿಂಚಣಿ ಸಂಖ್ಯೆಯ ಪ್ರತಿ ಇಟ್ಟುಕೊಳ್ಳುವುದು ಮರೆಯಬಾರದು. ಇಲ್ಲಿಗೆ ಬಂದ ಮೇಲೆ ಇನ್ನೊಂದಿದೆ. ಜಪಾನಿಗೆ ಹೊರಟ ಆರ್ಥಿಕ ವರ್ಷದಲ್ಲಿ ಅವರು ಭಾರತದಲ್ಲಿದ್ದದ್ದು 182 ದಿನಕ್ಕಿಂತ ಕಡಿಮೆ, ಆ ವರ್ಷ ಅನಿವಾಸಿ. ಬಂದ ವರ್ಷ ಹಾಗಲ್ಲ, ನಿವಾಸಿಯೇ ಆಗುತ್ತಾರೆ. ಆದ್ದರಿಂದ ಏಪ್ರಿಲ್‌ನಿಂದ ಜುಲೈವರೆಗಿನ ಜಪಾನಿನ ಸಂಬಳವನ್ನೂ ಅಲ್ಲಿಯ ಬ್ಯಾಂಕ್ ಖಾತೆಯನ್ನೂ ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಜಮೆ ಕೇಳಬೇಕು. ವಿದೇಶಿ ಆದಾಯದ ರಿಟರ್ನ್ ಮಾಡಿ ಗೊತ್ತಿರುವ ಲೆಕ್ಕಪರಿಶೋಧಕರನ್ನು ಆಗಸ್ಟ್‌ನಲ್ಲೇ ಕಾಣುವಂತೆ ತಂದೆಗೆ ತಿಳಿಸಿ, ಸಂಬಳದ ಎಲ್ಲ ಚೀಟಿಗಳನ್ನೂ ವರ್ಷಾಂತ್ಯದ ತೆರಿಗೆ ಚೀಟಿಯನ್ನೂ ಜೋಪಾನವಾಗಿ ತರುವಂತೆ ಮಗಳಿಗೆ ಹೇಳಿ ಕಡತ ಮುಚ್ಚಿದೆವು.