ಪೊರಕೆ ಎಲ್ಲಿಡುತ್ತಾರೆ?

ಓದುಗರ ಪತ್ರ

ಕಳೆದ ಸಂಚಿಕೆಯ ಪುಟ್ಟ ಮನೆಗಳ ಚಿತ್ರಲೇಖನ ನೋಡಿದಾಗಿನಿಂದ ನಮ್ಮ ಮನೆಯವರು ಬೇರೆ ಮಾತೇ ಆಡುತ್ತಿಲ್ಲ. ಅವರಿಗೆ 58, ನನಗೆ 54. ಮಗಳು ಬೇರೆ ಊರಿನಲ್ಲಿದ್ದಾಳೆ. ಒಂದು ತುಂಡು ಜಾಗ ಇದೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಸಾಲ ಮಾಡುವ ಮನಸ್ಸಿಲ್ಲ. ಅವರು ಒಂದು ದಿನ ಹಡಗಿನಲ್ಲಿ ಸರಕು ಸಾಗಿಸುವ ಕಂಟೇನರಿನಲ್ಲೇ ಮನೆ ಅನ್ನುತ್ತಾರೆ, ಮರುದಿನ ಮಣ್ಣಿನ ಮನೆ ಅನ್ನುತ್ತಾರೆ. ನಾನು ನಿಮ್ಮ ಹನ್ನೆರಡು ಚಿತ್ರಗಳನ್ನೂ ಭೂತಗನ್ನಡಿ ಹಿಡಿದು ನೋಡಿದೆ. ಒಂದರಲ್ಲೂ ಪೊರಕೆ ಇಲ್ಲ, ಒಣಹಾಕಿದ ಬಟ್ಟೆ ಇಲ್ಲ. ಇಂಥ ಮನೆಯಲ್ಲಿ ಜನ ನಿಜವಾಗಿ ಇರುತ್ತಾರಾ, ಅಥವಾ ಫೋಟೋ ತೆಗೆಸಿಕೊಂಡು ದೊಡ್ಡ ಮನೆಗೆ ವಾಪಸ್ ಹೋಗುತ್ತಾರಾ?

– ಹೆಸರು ಬೇಡ ಎಂದಿರುವ ಓದುಗರು

(ಪತ್ರದ ಅಂಚಿನಲ್ಲಿ, ಬೇರೆ ಪೆನ್ನಿನಲ್ಲಿ: ‘ಮನೆಗೆ ಚಕ್ರ ಇದ್ದರೆ ಎಲ್ಲಿಗೆ ಬೇಕಾದರೂ ಎಳಕೊಂಡು ಹೋಗಬಹುದಲ್ವಾ?’)

ಸಂಪಾದಕರ ಉತ್ತರ

ಮೇಡಂ, ನಿಮ್ಮ ಪತ್ರ ಕೈಗೆ ಬಂದ ದಿನವೇ ಆ ಚಿತ್ರಗಳನ್ನು ತೆಗೆದ ನಮ್ಮ ಫೋಟೋಗ್ರಾಫರಿಗೆ ಫೋನ್ ಮಾಡಿದೆ. ‘ಪೊರಕೆ ಎಲ್ಲಿತ್ತು ಮಾರಾಯ?’ ಅಂದೆ. ನಕ್ಕುಬಿಟ್ಟ. ಪೊರಕೆ, ಬಕೆಟ್, ಇಸ್ತ್ರಿ ಪೆಟ್ಟಿಗೆ, ಎರಡು ಸೂಟ್‌ಕೇಸು, ಒಂದು ಗಂಟು ಹಾಸಿಗೆ ಬಟ್ಟೆ, ಎಲ್ಲವೂ ಅದರಲ್ಲೊಂದು ಮನೆಯ ದಂಪತಿಯ ಕಾರಿನ ಡಿಕ್ಕಿಯಲ್ಲಿ ಇತ್ತಂತೆ. ಫೋಟೋ ಚೆನ್ನಾಗಿ ಬರಲಿ ಅಂತ ಅವನೇ ಹೊರಗೆ ಹಾಕಿಸಿದ್ದಂತೆ. ಅದನ್ನು ನಾವು ಬರೆಯಬೇಕಿತ್ತು, ಬರೆಯಲಿಲ್ಲ. ತಪ್ಪು ನಮ್ಮದೇ.

ಆದರೆ ಜನ ಅಲ್ಲಿ ಇರುತ್ತಾರೆ. ಆ ದಂಪತಿ ಇರುವುದು ಅಲ್ಲೇ. ನಾನೂ ಇದ್ದೆ, ಬೇರೆ ಕಡೆ. ಮದುವೆಯಾದ ಹೊಸದರಲ್ಲಿ ಮೂರು ವರ್ಷ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಕೋಣೆ ನಮ್ಮ ಮನೆಯಾಗಿತ್ತು. ಗುಡಿಸಲು ನಾಲ್ಕು ನಿಮಿಷ ಸಾಕಾಗುತ್ತಿತ್ತು. ಏನಾದರೂ ಕಳೆದುಹೋದರೆ ಮಂಚದ ಕೆಳಗೆ ಇರಬೇಕು, ಇಲ್ಲಾ ಮಂಚದ ಮೇಲೆ ಇರಬೇಕು. ಈಗಿನ ಮನೆಯಲ್ಲಿ ಒಂದು ಕೋಣೆ ಇದೆ. ಅದರ ಬಾಗಿಲು ತೆಗೆಯುವುದು ಅಲ್ಲಿ ತುಂಬಿರುವ ಸಾಮಾನಿನ ಮೇಲೆ ಇನ್ನೊಂದು ಸಾಮಾನು ಇಡುವುದಕ್ಕೆ ಮಾತ್ರ. ಅದಕ್ಕೂ ಸುಣ್ಣಬಣ್ಣ, ಅದಕ್ಕೂ ಕಂತು ಕಟ್ಟಿದ್ದೇನೆ. ಹಾಗಾಗಿ ನಿಮ್ಮ ಯಜಮಾನರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸಾಲ ಇಲ್ಲದ ಮನೆ, ಕೈಗೆಟಕುವ ಮನೆ, ಒಬ್ಬರೇ ಸಂಭಾಳಿಸಬಹುದಾದ ಮನೆ. ಇದರಲ್ಲಿ ಹುಚ್ಚೇನೂ ಇಲ್ಲ.

ಆ ಒಂದು ಕೋಣೆಯಲ್ಲಿ ಜಗಳ ಆದರೆ ಮಾತ್ರ ಕಷ್ಟ. ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲ. ಹೊರಗೆ ಮೂರು ಮೆಟ್ಟಿಲಿದ್ದವು. ಸೋತವರು ಹೋಗಿ ಅಲ್ಲಿ ಕೂರುತ್ತಿದ್ದೆವು. ಆ ಮೆಟ್ಟಿಲು ಇಲ್ಲದಿದ್ದರೆ ನಾವು ಮೂರು ವರ್ಷ ಅಲ್ಲಿ ಬಾಳುತ್ತಿರಲಿಲ್ಲ. ಅದು ನಮ್ಮ ಎರಡನೇ ಕೋಣೆ, ಬಾಡಿಗೆ ಚೀಟಿಯಲ್ಲಿ ಮಾತ್ರ ಬರೆದಿರಲಿಲ್ಲ.

ಪುಟ್ಟ ಮನೆ ನೋಡಿದಾಗ ನಾನು ಮೊದಲು ಹುಡುಕುವುದು ಇದನ್ನೇ, ಒಳಗೆ ಹಿಡಿಸದೇ ಇರುವುದು ಹೊರಗೆ ಎಲ್ಲಿದೆ ಅಂತ. 20ನೇ ಶತಮಾನದ ದೊಡ್ಡ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1952ರ ಹೊತ್ತಿಗೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ತನಗಾಗಿ ಒಂದು ಮರದ ಗುಡಿಸಲು ಕಟ್ಟಿಸಿಕೊಂಡ. ಉದ್ದ 3.66 ಮೀಟರ್, ಅಗಲವೂ ಅಷ್ಟೇ. ಅಂದರೆ ಹನ್ನೆರಡು ಅಡಿಯ ಚೌಕ. ಇವತ್ತಿಗೂ ಪುಟ್ಟ ಮನೆಯ ಪ್ರೇಮಿಗಳು ಅದರ ಚಿತ್ರ ಹಂಚಿಕೊಂಡು ‘ಇಷ್ಟು ಸಾಕು’ ಅನ್ನುತ್ತಾರೆ. ಆದರೆ ಅದರಲ್ಲಿ ಅಡುಗೆಮನೆ ಇಲ್ಲ! ಪಕ್ಕಕ್ಕೇ ಅಂಟಿಕೊಂಡಂತೆ ಒಂದು ಪುಟ್ಟ ಹೋಟೆಲು ಇತ್ತು, ಊಟ ಅಲ್ಲಿ. ನಾಲ್ಕು ಹೆಜ್ಜೆ ಆಚೆ ಕೆಲಸಕ್ಕೆ ಇನ್ನೊಂದು ಶೆಡ್ಡು. ಎದುರಿಗೆ ಸಮುದ್ರ. ಪ್ಯಾರಿಸಿನಲ್ಲಿ ಪೂರ್ತಿ ಮನೆ ಬೇರೆ. ಅವನ ಮನೆ ಚಿಕ್ಕದಾಗಿರಲಿಲ್ಲ, ಚದುರಿಕೊಂಡಿತ್ತು ಅಷ್ಟೇ.

ನಿಮ್ಮ ಜಾಗಕ್ಕೂ ಇದೇ ಪ್ರಶ್ನೆ. ಅಂಗಡಿ, ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮನೆಯಲ್ಲಿ ತಿಂಗಳ ಸಾಮಾನು ತುಂಬಿಡಬೇಕಿಲ್ಲ. ದೂರ ಇದ್ದರೆ ಉಗ್ರಾಣ ಬೇಕೇಬೇಕು. ಮಗಳು ಬಂದರೆ ಮಲಗುವುದೆಲ್ಲಿ? ನೆರಳಿರುವ ಒಂದು ಜಗಲಿ ಹಾಕಿದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಜಗಲಿಗೆ ಒಂದು ಮಾಡು, ನಾಲ್ಕು ಕಂಬ ಸಾಕು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗಾಗಿ ಮೇರಿಯಾನ್ ಕ್ಯುಸಾಟೊ ಎಂಬ ವಿನ್ಯಾಸಗಾರ್ತಿ 308 ಚದರ ಅಡಿಯ ಪುಟ್ಟ ಮನೆಯೊಂದನ್ನು ರೂಪಿಸಿದರು. ಅಷ್ಟರಲ್ಲೂ ಮುಂದೆ ಜಗಲಿ ಬಿಡಲಿಲ್ಲ. ಜನರಿಗೆ ಅದು ‘ಮನೆ’ ಅನ್ನಿಸಿದ್ದರಲ್ಲಿ ಆ ಜಗಲಿಯ ಪಾಲು ದೊಡ್ಡದು ಅಂತ ನನ್ನ ಲೆಕ್ಕ.

ಈಗ ದುಡ್ಡಿನ ವಿಷಯ. ‘ಕಾಲು ಭಾಗದ ಮನೆ, ಕಾಲು ಭಾಗದ ಖರ್ಚು’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಅಡಿ ಮನೆ ಅಂದರೆ 400 ಚದರ ಅಡಿ. ಅದರ ಸುತ್ತ ಗೋಡೆ 80 ಅಡಿ. ಹತ್ತಕ್ಕೆ ಹತ್ತು ಅಂದರೆ 100 ಚದರ ಅಡಿ, ಗೋಡೆ 40 ಅಡಿ. ಜಾಗ ಕಾಲು ಭಾಗಕ್ಕೆ ಇಳಿಯಿತು, ಗೋಡೆ ಇಳಿದದ್ದು ಅರ್ಧಕ್ಕೆ ಮಾತ್ರ. ಇನ್ನು ಟಾಯ್ಲೆಟ್ಟಿನ ಕಮೋಡು, ಸಿಂಕು, ನೀರಿನ ಟ್ಯಾಂಕು, ಕೊಳಚೆ ಗುಂಡಿ, ಕರೆಂಟಿನ ಮೀಟರು ಯಾವುದೂ ಕಾಲು ಭಾಗದ್ದು ಸಿಗುವುದಿಲ್ಲ. ಮನೆಯಲ್ಲಿ ದುಬಾರಿ ಜಾಗ ಅಂದರೆ ಅಡುಗೆಮನೆ ಮತ್ತು ಬಚ್ಚಲು, ಅಗ್ಗದ್ದು ಅಂದರೆ ಸುಮ್ನೆ ಖಾಲಿ ಇರುವ ಕೋಣೆ. ಪುಟ್ಟ ಮನೆ ಮಾಡುವಾಗ ನಾವು ಕತ್ತರಿಸುವುದು ಅಗ್ಗದ ಭಾಗವನ್ನೇ. ಒಟ್ಟು ಖರ್ಚು ಇಳಿಯುತ್ತದೆ, ನಿಜ. ಚದರ ಅಡಿ ಲೆಕ್ಕ ಮಾತ್ರ ಏರುತ್ತದೆ. ಮೇಸ್ತ್ರಿ ಲೆಕ್ಕ ಕೊಟ್ಟಾಗ ಮೋಸ ಮಾಡುತ್ತಿದ್ದಾನೆ ಅಂತ ಗಾಬರಿ ಬೀಳಬೇಡಿ.

ಕಂಟೇನರಿನ ಮೇಲೆ ನನಗೆ ಅಂಥ ಪ್ರೀತಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಅಂಥದ್ದರಲ್ಲಿ ನಾಲ್ಕು ರಾತ್ರಿ ಕಳೆದೆ. ಹಗಲು ಸುಡುವ, ರಾತ್ರಿ ತಣ್ಣಗಾಗುವ ಕಾಲ. ಮಧ್ಯಾಹ್ನ ಗೋಡೆಗೆ ಅಂಗೈ ಇಟ್ಟು ತಕ್ಷಣ ತೆಗೆದೆ. ಬೆಳಗಿನ ಜಾವ ಮೂಗಿನ ಮೇಲೆ ಒಂದು ಹನಿ ಬಿತ್ತು. ಮಳೆ ಅಂದುಕೊಂಡೆ. ಎದ್ದು ಬಾಗಿಲು ತೆಗೆದರೆ ಆಕಾಶದ ತುಂಬ ನಕ್ಷತ್ರ. ಟಾರ್ಚ್ ಹಾಕಿ ನೋಡಿದರೆ ಒಳಚಾವಣಿಯ ಉದ್ದಕ್ಕೂ ಹನಿ ಸಾಲುಗಟ್ಟಿ ನಿಂತಿತ್ತು. ಒಳಗೆ ಮಲಗಿದ್ದ ನಾಲ್ವರ ಉಸಿರೇ ತಣ್ಣನೆ ತಗಡಿಗೆ ತಾಗಿ ನೀರಾಗಿತ್ತು.

ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಶಾಖ ತಡೆಯುವ ಪದರ ಹೊದಿಸಬೇಕು, ಗಾಳಿ ಆಡಲು ದಾರಿ ಬಿಡಬೇಕು, ಮೇಲೊಂದು ನೆರಳಿನ ಮಾಡು ಹಾಕಬೇಕು. ಇಪ್ಪತ್ತು ಅಡಿ ಕಂಟೇನರಿನ ಒಳಗಲ ಇರುವುದೇ ಸುಮಾರು ಏಳು ಅಡಿ ಎಂಟು ಇಂಚು. ಎರಡೂ ಕಡೆ ಮೂರು ಮೂರು ಇಂಚು ಪದರ ಕೊಟ್ಟರೆ ಉಳಿಯುವುದು ಏಳು ಅಡಿ ಎರಡು ಇಂಚು. ಐದು ಅಡಿ ಅಗಲದ ಮಂಚ ಹಾಕಿದರೆ ಓಡಾಡಲು ಎರಡು ಅಡಿ ಸಿಗುತ್ತದೆ. ಒಬ್ಬರು ಎದ್ದರೆ ಇನ್ನೊಬ್ಬರು ಮಂಚದ ಮೇಲೇ ಕಾಯಬೇಕು. ಇನ್ನೊಂದು ವಿಷಯ. ಕಂಟೇನರಿನ ಭಾರ ಹೊರುವುದು ಮುಖ್ಯವಾಗಿ ನಾಲ್ಕು ಮೂಲೆಯ ಕಂಬಗಳು. ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುವುದು ಅದರಿಂದಲೇ. ಮಡಿಕೆ ಬಿದ್ದ ತಗಡಿನ ಗೋಡೆ ಅದಕ್ಕೆ ಬಿಗಿ ಕೊಡುತ್ತದೆ. ಕಿಟಕಿ, ಬಾಗಿಲು ಅಂತ ಕತ್ತರಿಸುತ್ತಾ ಹೋದರೆ ಆ ಬಿಗಿ ಹೋಗುತ್ತದೆ, ಪ್ರತಿ ಕಂಡಿಗೂ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿಸಬೇಕು. ಹಳೇ ಕಂಟೇನರಿನ ಮರದ ನೆಲಕ್ಕೆ ಹುಳ ಹಿಡಿಯದಂತೆ ಕೀಟನಾಶಕ ಹಾಕಿರುತ್ತಾರೆ, ಅದನ್ನೂ ವಿಚಾರಿಸಬೇಕು. ಇಷ್ಟೆಲ್ಲ ಮಾಡಿ ಕ್ರೇನಿನ ಬಾಡಿಗೆಯನ್ನೂ ಸೇರಿಸಿ ನೋಡಿದಾಗ ‘ಅಗ್ಗ’ ಅನ್ನುವ ಮಾತು ಎಷ್ಟು ಉಳಿಯುತ್ತದೆ, ನೀವೇ ಕೂಡಿಸಿ ನೋಡಿ.

ಮಣ್ಣು ಬೇರೆ ಮಾತು. ಮಣ್ಣಿನ ಮನೆ ಬಾಳಿಕೆ ಬರುವುದಿಲ್ಲ ಅನ್ನುವವರಿಗೆ ಯೆಮನ್ ದೇಶದ ಶಿಬಾಮ್ ಪಟ್ಟಣ ತೋರಿಸಬೇಕು. ಅಲ್ಲಿ ಸುಡದ ಮಣ್ಣಿನ ಇಟ್ಟಿಗೆಯಲ್ಲೇ ಏಳು ಅಂತಸ್ತಿನವರೆಗಿನ ಕಟ್ಟಡಗಳಿವೆ. ಅವುಗಳಲ್ಲಿ ಬಹಳಷ್ಟು 16ನೇ ಶತಮಾನದಿಂದ ಈಚಿನವು. ಆದರೆ ಅವು ತಾವಾಗಿ ನಿಂತಿಲ್ಲ, ಜನ ನಿಲ್ಲಿಸಿಕೊಂಡಿದ್ದಾರೆ. ಮಾಲಿ ದೇಶದ ಜೆನ್ನೆಯಲ್ಲಿ 1907ರಲ್ಲಿ ಕಟ್ಟಿದ ದೊಡ್ಡ ಮಣ್ಣಿನ ಮಸೀದಿ ಇದೆ. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಅದರ ಗೋಡೆಗೆ ಹೊಸದಾಗಿ ಮಣ್ಣು ಮೆತ್ತುತ್ತದೆ. ನಿಮ್ಮ ಮನೆಗೆ ಊರು ಬರುವುದಿಲ್ಲ, ನಿಮ್ಮ ಯಜಮಾನರೇ ಏಣಿ ಹತ್ತಬೇಕು. ಇವತ್ತು 58. ಹದಿನೈದು ವರ್ಷದ ಮೇಲೆ ಯಾರು ಹತ್ತುತ್ತಾರೆ ಅಂತ ಈಗಲೇ ಕೇಳಿಕೊಳ್ಳಿ. ಇಂಗ್ಲೆಂಡಿನ ಡೆವನ್ ಕಡೆ ಮಣ್ಣಿನ ಗೋಡೆಗೆ ಬೇಕಾದ್ದು ಒಳ್ಳೆ ಟೋಪಿ, ಒಳ್ಳೆ ಬೂಟು ಅನ್ನುತ್ತಾರೆ. ಟೋಪಿ ಅಂದರೆ ಚೆನ್ನಾಗಿ ಹೊರಚಾಚಿದ ಸೂರು. ಬೂಟು ಅಂದರೆ ನೆಲದ ನೀರು ಏರದ ಕಲ್ಲಿನ ಪಾಯ. ಇವೆರಡಕ್ಕೆ ಕೈ ಬಿಚ್ಚಿ ಖರ್ಚು ಮಾಡಿದರೆ ಗೋಡೆಯ ಖರ್ಚು ಉಳಿಸಬಹುದು. ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಸಿಕ್ಕರೆ ಉಪಚಾರವೂ ಕಮ್ಮಿ.

ಸುಟ್ಟ ಇಟ್ಟಿಗೆಯಲ್ಲೂ ಜಾಣತನಕ್ಕೆ ಜಾಗ ಇದೆ. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜೀವನಪೂರ್ತಿ ಮಾಡಿ ತೋರಿಸಿದರು. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಬಾಂಡ್ ಅವರು ಬಳಕೆಗೆ ತಂದ ಕ್ರಮಗಳಲ್ಲಿ ಒಂದು. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಪೊಳ್ಳಿನಿಂದಾಗಿ ಒಳಗೆ ಬಿಸಿಯೂ ಕಮ್ಮಿ. ಫಿಲ್ಲರ್ ಸ್ಲ್ಯಾಬ್ ಕೂಡ ಹೀಗೆಯೇ. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರ ತಡೆಯುವ ಕೆಲಸ ಹೆಚ್ಚೇನೂ ಮಾಡುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಬ್ಬಿಣ. ಹಾಗಾಗಿ ಆ ಜಾಗದಲ್ಲಿ ಹಳೇ ಹೆಂಚು ಕೂರಿಸಿ ಕಾಂಕ್ರೀಟು ಉಳಿಸುತ್ತಾರೆ. ನೋಡಲು ಮಾಮೂಲಿ ಮನೆ. ಪತ್ರಿಕೆಯಲ್ಲಿ ಚಿತ್ರ ಹಾಕಿದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ. ನನ್ನನ್ನು ಕೇಳಿದರೆ ನಿಮ್ಮಿಬ್ಬರಿಗೆ ಒಪ್ಪುವುದು ಇದೇ. ಕಟ್ಟುವ ಮೊದಲು ಈ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ. ಹೊಸದಾಗಿ ಕಲಿಯುವವನಿಗೆ ನಿಮ್ಮ ಮನೆ ಪಾಠಶಾಲೆಯಾಗುವುದು ಬೇಡ.

ಅಟ್ಟದ ಮೇಲೆ ಮಂಚ ಬೇಡ. ಚಿತ್ರದಲ್ಲಿ ಚೆಂದ. ರಾತ್ರಿ ಎರಡು ಸಲ ಬಚ್ಚಲಿಗೆ ಏಳುವ ವಯಸ್ಸಿನವರಿಗಲ್ಲ.

ಎಷ್ಟು ದೊಡ್ಡದು ಕಟ್ಟುವುದು? ಇಲ್ಲಿ ಚಿಲಿ ದೇಶದ ಇಕಿಕೆ ನಗರದ ಒಂದು ಬಡಾವಣೆ ನೆನಪಿಗೆ ಬರುತ್ತದೆ. 2004ರಲ್ಲಿ ಸುಮಾರು 100 ಬಡ ಕುಟುಂಬಗಳಿಗೆ ಮನೆ ಕಟ್ಟಬೇಕಿತ್ತು. ಸರ್ಕಾರ ಕೊಟ್ಟ ದುಡ್ಡಿನಲ್ಲಿ ಪೂರ್ತಿ ಒಳ್ಳೆ ಮನೆ ಆಗುತ್ತಿರಲಿಲ್ಲ. ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಮತ್ತು ಜೊತೆಗಾರರು ಕೆಟ್ಟ ಪುಟ್ಟ ಮನೆ ಕಟ್ಟಲಿಲ್ಲ, ಒಳ್ಳೆ ಮನೆಯ ಅರ್ಧ ಕಟ್ಟಿಕೊಟ್ಟರು. ಬಚ್ಚಲು, ಅಡುಗೆಮನೆ, ಮೆಟ್ಟಿಲಿನಂಥ ಕಷ್ಟದ ಭಾಗ ಮೊದಲು. ಪಕ್ಕದಲ್ಲಿ ಖಾಲಿ ಜಾಗ, ದುಡ್ಡು ಬಂದಾಗ ಮನೆಯವರೇ ತುಂಬಿಕೊಳ್ಳಲಿ ಅಂತ. ತುಂಬಿಕೊಂಡರು, ಒಬ್ಬೊಬ್ಬರು ಒಂದೊಂದು ಥರ.

ನೀವೂ ಹಾಗೆ ಮಾಡಬಹುದು. ಮೊದಲು ಒಂದು ದೊಡ್ಡ ಕೋಣೆ, ಅಡುಗೆಗೆ ಜಾಗ, ಬಚ್ಚಲು, ಜಗಲಿ. ಮುಂದೆ ಬೆಳೆಸುವ ಕಡೆಯ ಗೋಡೆಯಲ್ಲಿ ಒಂದು ಕಿಟಕಿ ಇಡಿಸಿ. ಅದರ ಲಿಂಟಲ್, ಅಂದರೆ ಮೇಲಿನ ಅಡ್ಡತೊಲೆ, ಬಾಗಿಲಿನ ಎತ್ತರದಲ್ಲಿ, ಬಾಗಿಲಿನ ಅಗಲಕ್ಕೆ ಇರಲಿ. ನಾಳೆ ಕಿಟಕಿಯ ಕೆಳಗಿನ ಗೋಡೆ ಒಡೆದರೆ ಅದೇ ಬಾಗಿಲಾಗುತ್ತದೆ. ನೀರಿನ ಪೈಪು ಆ ಗೋಡೆಯಲ್ಲಿ ಬರದಂತೆ ನೋಡಿಕೊಳ್ಳಿ. ಮಗಳು ಬರುವ ಹೊತ್ತಿಗೆ ಕೋಣೆ ಬೇಕು ಅನ್ನಿಸಿದರೆ ಕಟ್ಟಿದರಾಯಿತು, ಬೇಡ ಅನ್ನಿಸಿದರೆ ಕಿಟಕಿ ಕಿಟಕಿಯಾಗಿಯೇ ಇರಲಿ. ನಕ್ಷೆಗೆ ಅನುಮತಿ ಪಡೆಯುವಾಗ ಎರಡೂ ಹಂತವನ್ನು ಸೇರಿಸಿ ಪಡೆಯಿರಿ. ಮನೆ ಇಷ್ಟಕ್ಕಿಂತ ಚಿಕ್ಕದಿರಬಾರದು ಅನ್ನುವ ನಿಯಮ ಕೆಲವು ಕಡೆ ಇರುತ್ತದೆ, ಪಾಯ ತೋಡುವ ಮೊದಲೇ ಅದನ್ನು ಕೇಳಿಕೊಳ್ಳಿ.

ಅದಕ್ಕೂ ಮೊದಲು ಒಂದು ಕೆಲಸ. ಈಗಿನ ಮನೆಯ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನಿಮ್ಮ ಪುಟ್ಟ ಮನೆಯನ್ನು ಬರೆಯಿರಿ. ಬೀರುವಿನ ಬಾಗಿಲು ತೆರೆದಾಗ ಎಲ್ಲಿಗೆ ಬರುತ್ತದೆ ಅಂತಲೂ ಬರೆಯಿರಿ. ಎರಡು ದಿನ ಇಬ್ಬರೂ ಗೆರೆಯೊಳಗೇ ಇರಿ, ಮೂರನೆಯ ದಿನ ಮೈ ಹುಷಾರಿಲ್ಲದವರ ಹಾಗೆ ಒಬ್ಬರು ಮಲಗಿಯೇ ಇರಿ. ಒದ್ದೆ ಟವೆಲ್ಲು, ತೋಯ್ದ ಕೊಡೆ, ಪೊರಕೆ ಎಲ್ಲಕ್ಕೂ ಗೆರೆಯೊಳಗೇ ಜಾಗ ಹುಡುಕಬೇಕು. ಡಿಕ್ಕಿ ಇಲ್ಲ.

ಕೊನೆಗೆ ಅಂಚಿನಲ್ಲಿ ಬರೆದವರಿಗೆ. ಸಾರ್, ಚಕ್ರ ಬಂದದ್ದು ತಿರುಗಾಡುವ ಆಸೆಯಿಂದಲ್ಲ. ಅಮೆರಿಕದಲ್ಲಿ ಜೇ ಶೇಫರ್ ಎಂಬವರು 1990ರ ದಶಕದ ಕೊನೆಗೆ ನೂರು ಚದರ ಅಡಿಯ ಆಸುಪಾಸಿನ ಮನೆ ಮಾಡಿಕೊಂಡರು. ಅಷ್ಟು ಚಿಕ್ಕದನ್ನು ಮನೆ ಅಂತ ಒಪ್ಪಲು ಅಲ್ಲಿನ ಕಟ್ಟಡ ನಿಯಮಕ್ಕೆ ಆಗುತ್ತಿರಲಿಲ್ಲ. ಕೆಳಗೆ ಚಕ್ರ ಹಾಕಿದರೆ ಅದು ಮನೆಯಲ್ಲ, ಗಾಡಿ! ನಿಯಮದಿಂದ ನುಣುಚಿಕೊಳ್ಳಲು ಹಾಕಿದ ಚಕ್ರ ಅದು. ರಸ್ತೆಗೆ ಇಳಿಸಬೇಕು ಅಂತ ಇಂಥ ಮನೆಗಳ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿಯೊಳಗೇ ನಿಂತಿತು. ಅಲ್ಲಿನ ಮಾದರಿ ಕಟ್ಟಡ ಸಂಹಿತೆಯಲ್ಲಿ 400 ಚದರ ಅಡಿಯೊಳಗಿನ ಮನೆಗಳಿಗೆ ಬೇರೆ ಅನುಬಂಧ ಸೇರಿದ್ದು 2018ರ ಆವೃತ್ತಿಯಲ್ಲಿ. ಶೇಫರ್ ಅವರಿಗೂ ಮುಂದೆ ಮದುವೆಯಾಯಿತು, ಮಕ್ಕಳಾದವು, 500 ಚದರ ಅಡಿಯ ಮನೆಗೆ ಹೋದರು. ಚಕ್ರದ ಮನೆ ನಾಲ್ಕೈದು ಟನ್ ತೂಗುತ್ತದೆ, ಎಳೆಯಲು ದೊಡ್ಡ ಗಾಡಿ ಬೇಕು, ನಿಲ್ಲಿಸಿದ ಕಡೆಯೆಲ್ಲ ನೀರು, ಕರೆಂಟು, ಕೊಳಚೆಗೆ ದಾರಿ ಹುಡುಕಬೇಕು. ನಿಮಗೆ ಸ್ವಂತ ಜಾಗ ಇದೆ. ತಿರುಗಾಡುವ ಆಸೆ ಇದ್ದರೆ ಕಂಟೇನರ್ ಕೊಳ್ಳದೆ ಉಳಿಸಿದ ದುಡ್ಡಿನಲ್ಲಿ ರೈಲು ಟಿಕೆಟ್ ತೆಗೆಸಿ. ಇಬ್ಬರಿಗೂ.

– ಸಂ.