ಸೊಂಟ ಬಿಟ್ಟ ನೋವು ಭುಜಕ್ಕೆ ಬಂತೇ?

ಮೂವತ್ತರ ಹೊತ್ತಿಗೆ ಸೊಂಟನೋವು ಇತ್ತು, ಈಗ 47ಕ್ಕೆ ಎಡಭುಜ ಮೇಲೇಳುತ್ತಿಲ್ಲ, ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯೋಕೂ ಆಗಲ್ಲ, ಇದು ವಯಸ್ಸೇ ಎಂದು ಕೇಳಿದ್ದೀರಿ. ಹಳೆಯ ನೋವು ಜಾಗ ಬದಲಿಸಿಲ್ಲ. ಇದು ಬೇರೆಯದೇ ತೊಂದರೆ ಇರಬಹುದು. 40ರಿಂದ 60ರ ನಡುವೆ ಭುಜ ಬಿಗಿಯುವುದು, ಅಂದರೆ ಫ್ರೋಜನ್ ಶೋಲ್ಡರ್, ಸಾಮಾನ್ಯ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ ಇನ್ನೂ ಹೆಚ್ಚು.

ಮನೆಯಲ್ಲೇ ನೋಡಿ: ಮೊಣಕೈ ಮಡಚಿ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಆಮೇಲೆ ಇನ್ನೊಬ್ಬರು ಮೆಲ್ಲಗೆ ತಿರುಗಿಸಲಿ. ಅವರಿಂದಲೂ ಆಗದಿದ್ದರೆ ಕೀಲಿನ ಸುತ್ತಲಿನ ಪೊರೆ ಬಿಗಿದಿರುವ ಸಾಧ್ಯತೆ. ಅವರಿಂದ ಆಗಿ ನಿಮ್ಮಿಂದ ಆಗದಿದ್ದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದಿರಬಹುದು, ಮೂಳೆ ವೈದ್ಯರಿಗೆ ಬೇಗ ತೋರಿಸಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆ ಮಾಡಿಸಿ, ಶೇ 5.7ರಿಂದ 6.4 ಎಚ್ಚರಿಕೆಯ ಮಟ್ಟ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಜೊತೆಗೆ ಥೈರಾಯ್ಡ್ ನೋಡಲು ಟಿಎಸ್‌ಎಚ್ ಕೂಡ.

ದಯವಿಟ್ಟು ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಕೂರಬೇಡಿ, ಬಿಗಿತ ಹೆಚ್ಚುತ್ತದೆ. ಹಾಗೆಂದು ಯಾರಿಂದಲೂ ಜೋರಾಗಿ ಎಳೆಸಿಕೊಳ್ಳಲೂಬೇಡಿ. ರಾತ್ರಿ ನೋವಿರುವ ಮೊದಲ ಹಂತದಲ್ಲಿ ಎಳೆದರೆ ಉರಿಯೂತ ಕೆರಳುತ್ತದೆ. 10 ನಿಮಿಷ ಬಿಸಿ ಶಾಖ ಕೊಟ್ಟು, ಬಲಗೈಯನ್ನು ಮೇಜಿಗೆ ಊರಿ ಬಾಗಿ, ಎಡಗೈ ಸಡಿಲ ಬಿಟ್ಟು ಸಣ್ಣ ವೃತ್ತ ಹಾಕಿ, ಎರಡೂ ದಿಕ್ಕಿಗೆ ಹತ್ತತ್ತು, ದಿನಕ್ಕೆ 3 ಸಲ. ಪೂರ್ತಿ ಬಿಡಲು 1ರಿಂದ 3 ವರ್ಷ ಹಿಡಿಯಬಹುದು. ಸ್ಟೀರಾಯ್ಡ್ ಇಂಜೆಕ್ಷನ್ ಆರಂಭದಲ್ಲಿ ನೋವು ತಗ್ಗಿಸುತ್ತದೆ, ಆದರೆ ಸಕ್ಕರೆ ಕೆಲವು ದಿನ ಏರುತ್ತದೆ.

ಭುಜ ಅಲ್ಲಾಡಿಸದಿದ್ದರೂ ಮೆಟ್ಟಿಲು ಹತ್ತುವಾಗ ಎಡಗೈ, ಎದೆ, ದವಡೆ ಹಿಡಿದಂತಾಗಿ ಬೆವರಿದರೆ ಮಾತ್ರ ಇದ್ಯಾವುದೂ ಬೇಡ. ಅದು ಹೃದಯದ ತೊಂದರೆ ಇರಬಹುದು, ತಕ್ಷಣ 108ಕ್ಕೆ ಕರೆಮಾಡಿ, ಇಸಿಜಿ ಮಾಡಿಸಿ.